ಯಾವ ಆವೃತ್ತಿ ಪ್ರಮಾಣ?

ಪಗಡೆಯನ್ನಾಗಲಿ ಚೌಕಾಬಾರವನ್ನಾಗಲಿ ಪುಸ್ತಕವನ್ನು ಮುಂದಿಟ್ಟುಕೊಂಡು ಕಲಿತವರನ್ನು ನಾವು ಕಂಡುದಿಲ್ಲ. ಮನೆಯ ಅಜ್ಜಿಯು ಹೇಳಿದುದೇ ಅಲ್ಲಿ ಶಾಸ್ತ್ರ. ಆ ಶಾಸ್ತ್ರವೂ ಬೀದಿಯ ಈ ತುದಿಗೆ ಒಂದು ಬಗೆ, ಆ ತುದಿಗೆ ಇನ್ನೊಂದು ಬಗೆ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಗೊಡರು. ನೆರೆಮನೆಯಲ್ಲಿ ಆ ನಿರ್ಬಂಧವಿಲ್ಲ. ಹೊಸದಾಗಿ ಬಂದ ಸೊಸೆಯು ತವರಿನ ಪದ್ಧತಿಯಂತೆ ಕಾಯಿ ನಡೆಸಿ, ನಾದಿನಿಯರಿಂದ ಕಳ್ಳಾಟದವಳೆನ್ನಿಸಿಕೊಂಡು ಕಣ್ಣೀರಿಟ್ಟ ಪ್ರಸಂಗವನ್ನು ಈ ಪತ್ರಿಕೆಯನ್ನೋದುವ ಸೋದರಿಯರಲ್ಲಿ ಕೆಲವರಾದರೂ ಬಲ್ಲರು. ಆದರೆ ನಾವು ಈ ಮಾತನ್ನು ಎತ್ತಿದುದು ಪಗಡೆಯ ಸಲುವಾಗಿ ಅಲ್ಲ. ಅಮೆರಿಕಾ ದೇಶದಲ್ಲಿ ಹುಟ್ಟಿ ಈಗ ೫೦ ವರ್ಷಗಳನ್ನು ದಾಟಿರುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಸಲುವಾಗಿ. ಅದಕ್ಕೆ ನಿಯಮಗ್ರಂಥಗಳುಂಟು, ಆ ಗ್ರಂಥಗಳಿಗೆ ಆವೃತ್ತಿಯ ಮೇಲೆ ಆವೃತ್ತಿಗಳುಂಟು. ಅವುಗಳಲ್ಲಿ ಯಾವುದನ್ನು ಹಿಡಿಯತಕ್ಕದ್ದೆಂಬ ವ್ಯಾಜ್ಯವೊಂದನ್ನು ತೀರಿಸುವ ಭಾರವು ೨೦೨೪ನೆಯ ಇಸವಿಯ ಚಳಿಗಾಲದಲ್ಲಿ ನಮ್ಮ ಮೇಲೆ ಬಿದ್ದಿತು.

ಆಟದ ಸ್ವರೂಪವನ್ನು ಮೊದಲು ಅರಿಕೆ ಮಾಡುವೆವು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುವರು. ಅವರಲ್ಲಿ ಒಬ್ಬನು ಕಥೆಯನ್ನು ನಡೆಸತಕ್ಕವನು. ಅವನನ್ನು ಅಲ್ಲಿಯವರು ಡಂಜನ್ ಮಾಸ್ಟರ್ ಎನ್ನುವರು. ನಮ್ಮ ನಾಟಕಶಾಸ್ತ್ರದಲ್ಲಿ ಒಳ್ಳೆಯ ಮಾತೊಂದು ಸಿದ್ಧವಾಗಿಯೇ ಇರುವುದರಿಂದ ನಾವು ಸೂತ್ರಧಾರನೆನ್ನುವೆವು. ಉಳಿದವರು ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ ಒಂದೊಂದು ಪಾತ್ರವನ್ನು ತಾಳುವರು. ‘ಎದುರಿಗೆ ಹಾಳುಕೋಟೆ, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ, ಏನು ಮಾಡುವಿರಿ?’ ಎಂದು ಸೂತ್ರಧಾರನು ಕೇಳುವನು. ಒಬ್ಬನು ಬಾಗಿಲನ್ನು ಒದೆಯುವೆನೆನ್ನುವನು, ಇನ್ನೊಬ್ಬಳು ಕಿಟಕಿಯನ್ನು ಹುಡುಕುವೆನೆನ್ನುವಳು. ಕಾರ್ಯವು ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ೨೦ ಮುಖಗಳುಳ್ಳ ದಾಳವನ್ನು ಉರುಳಿಸಿ, ಪಾತ್ರದ ಬಲಾಬಲವನ್ನು ಅದಕ್ಕೆ ಕೂಡಿಸಿ, ಗ್ರಂಥದಲ್ಲಿ ಹೇಳಿದಂತೆ ನಿರ್ಣಯಿಸುವರು. ಗೆಲವು ಸೋಲೆಂಬುದು ಇದರಲ್ಲಿಲ್ಲ. ಕಥೆಯು ವಾರವಾರಕ್ಕೂ ಬೆಳೆಯುತ್ತ ವರ್ಷಗಟ್ಟಲೆ ಸಾಗುವುದುಂಟು. ದಾಳವೆಂದೊಡನೆ ಧರ್ಮರಾಯನನ್ನು ನೆನೆದು ಗಾಬರಿಗೊಳ್ಳುವ ಹಿರಿಯರಿಗೆ ಒಂದು ಸಮಾಧಾನ: ಇಲ್ಲಿ ಪಣವೊಡ್ಡುವ ಪದ್ಧತಿಯಿಲ್ಲ.

ಈ ಆಟದ ಜನ್ಮಸ್ಥಳವು ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸರೋವರತೀರದ ಸಣ್ಣ ಊರು. ಅಲ್ಲಿಯ ಗ್ಯಾರಿ ಗೈಗ್ಯಾಕ್ಸ್ ಎಂಬುವರೂ ಮಿನೆಸೋಟಾದ ಡೇವ್ ಆರ್ನೆಸನ್ ಎಂಬುವರೂ ಕೂಡಿ ೧೯೭೪ರಲ್ಲಿ ಮೂರು ಕಿರುಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಸೂತ್ರಪ್ರಾಯವಾದ ಆ ಹೊತ್ತಗೆಗಳನ್ನು ಗುರುಮುಖವಿಲ್ಲದೆ ತಿಳಿಯುವುದು ಕಷ್ಟವಾಗಿದ್ದಿತು. ಅದರಿಂದ ೧೯೭೭ ಮೊದಲ್ಗೊಂಡು ಆಟವು ಎರಡು ಕವಲಾಯಿತು: ಬಾಲಬೋಧೆಗೆ ಒಂದು ಸುಲಭಪಾಠ, ಪ್ರೌಢರಿಗೆ ಒಂದು ವಿಸ್ತಾರಪಾಠ. ಪ್ರೌಢಪಾಠಕ್ಕೆ ೧೯೮೯ರಲ್ಲಿ ಎರಡನೆಯ ಆವೃತ್ತಿಯು ಬಂದಿತು. ೧೯೯೭ರಲ್ಲಿ ಮೂಲ ಕಂಪನಿಯನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯು ಕೊಂಡಿತು. ಅನಂತರ ೨೦೦೦ದಲ್ಲಿ ಮೂರನೆಯದು, ೨೦೦೩ರಲ್ಲಿ ಅದರ ಪರಿಷ್ಕರಣ, ೨೦೦೮ರಲ್ಲಿ ನಾಲ್ಕನೆಯದು, ೨೦೧೪ರಲ್ಲಿ ಐದನೆಯದು, ೨೦೨೪ರಲ್ಲಿ ಆ ಐದನೆಯದಕ್ಕೇ ಪರಿಷ್ಕೃತ ಪಾಠ. ಪ್ರತಿಯೊಂದಕ್ಕೂ ಭಕ್ತರಿದ್ದಾರೆ. ತಮ್ಮ ಬಾಲ್ಯದಲ್ಲಿ ಕೈಗೆ ಬಂದ ಆವೃತ್ತಿಯೇ ವೇದವೆಂದೂ ಮಿಕ್ಕವು ಪ್ರಕ್ಷಿಪ್ತವೆಂದೂ ವಾದಿಸುವವರನ್ನು ಅಲ್ಲಿ ಕಂಡಾಗ, ಸಂಸ್ಕೃತ ಪಾಠಶಾಲೆಯ ಜಗುಲಿಯು ನಮಗೆ ನೆನಪಾಯಿತು.

ಆ ಜಗುಲಿಯಲ್ಲಿ ನಡೆಯುತ್ತಿದ್ದ ವಾದವು ವ್ಯಾಕರಣವನ್ನು ಕುರಿತದ್ದು. ಪಾಣಿನಿಯ ಸುಮಾರು ೪೦೦೦ ಸೂತ್ರಗಳನ್ನು ಅಷ್ಟಾಧ್ಯಾಯಿಯ ಕ್ರಮದಲ್ಲಿಯೇ ಓದಬೇಕೆಂದು ಕೆಲವರು. ಭಟ್ಟೋಜಿ ದೀಕ್ಷಿತರು ಪ್ರಯೋಗಕ್ಕೆ ಅನುಕೂಲವಾಗುವಂತೆ ಜೋಡಿಸಿಕೊಟ್ಟ ಸಿದ್ಧಾಂತಕೌಮುದಿಯ ಕ್ರಮವೇ ಸುಲಭವೆಂದು ಕೆಲವರು. ಇವೆರಡೂ ಎಳೆಯರಿಗೆ ಭಾರ, ಅವರ ಶಿಷ್ಯರಾದ ವರದರಾಜರ ಲಘುಕೌಮುದಿ ಸಾಕೆಂದು ಇನ್ನು ಕೆಲವರು. ಸೂತ್ರಗಳು ಅವೇ. ಜೋಡಣೆಯು ಬೇರೆಯಾದುದರಿಂದಲೇ ಇಷ್ಟು ಕಲಹ. ವೈಯಾಕರಣರಲ್ಲಿ ಇನ್ನೊಂದು ಸಂಪ್ರದಾಯವೂ ಉಂಟು: ಪಾಣಿನಿ, ಕಾತ್ಯಾಯನ, ಪತಂಜಲಿ ಈ ಮೂವರಿಗೆ ಮತಭೇದ ಬಂದಲ್ಲಿ ಹಿಂದಿನವರಿಗಿಂತ ಮುಂದಿನವರ ಮಾತೇ ಹೆಚ್ಚಿನ ಪ್ರಮಾಣ. ಹೊಸ ಆವೃತ್ತಿಯ ಪಕ್ಷಪಾತಿಗಳಿಗೆ ಇದಕ್ಕಿಂತ ಬಲವಾದ ಆಧಾರವು ಬೇಕಿಲ್ಲ. ಆದರೆ ಪತಂಜಲಿಯು ಪಾಣಿನಿಯ ಗ್ರಂಥವನ್ನು ಅಂಗಡಿಯಿಂದ ತೆಗೆಸಿ ತನ್ನದನ್ನು ಮಾರಲಿಲ್ಲವೆಂಬುದನ್ನೂ ನೆನೆಯಬೇಕು!

ಇರಲಿ, ವ್ಯಾಜ್ಯಕ್ಕೆ ಬರೋಣ. ನಮ್ಮ ಮಗಳು ಮಿಲ್ವಾಕಿ ಪಟ್ಟಣದಲ್ಲಿ ನೆಲಸಿರುವಳು. ಲೇಕ್ ಜಿನೀವಾ ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಅಳಿಯಂದಿರು ಆ ನಾಡಿನವರೇ. ಮೊಮ್ಮಗಳಿಗೆ ಆಗ ೧೨ ವರ್ಷ. ನಾವು ಅಕ್ಟೋಬರಿನಲ್ಲಿ ಅಲ್ಲಿಗೆ ಹೋದಾಗ, ಶನಿವಾರದ ಸಾಯಂಕಾಲ ಅವರ ಮನೆಯ ನೆಲಮಾಳಿಗೆಯಲ್ಲಿ ಐದು ಮಕ್ಕಳು ಸೇರಿ ಈ ಆಟವನ್ನಾಡುವ ಪರಿಪಾಠವು ಎರಡು ವರ್ಷಗಳಿಂದ ನಡೆದುಬಂದಿತ್ತು. ಸೂತ್ರಧಾರನು ೧೪ ವರ್ಷದ ಹುಡುಗ, ಮಿತಭಾಷಿ. ಕಥೆ ಹೇಳಲು ಕುಳಿತನೆಂದರೆ ಮಾತ್ರ ಸ್ವರವೇ ಬೇರೆ. ೨೦೧೪ರ ಗ್ರಂಥವು ಅವನಿಗೆ ಬಹುಮಟ್ಟಿಗೆ ಕಂಠಪಾಠವಾಗಿತ್ತು. ಅಷ್ಟರಲ್ಲಿ, ಸೆಪ್ಟೆಂಬರಿನಲ್ಲಿ ಹೊರಬಂದ ಹೊಸ ಗ್ರಂಥವನ್ನು ಒಬ್ಬ ಹುಡುಗನು ಹುಟ್ಟುಹಬ್ಬದ ಉಡುಗೊರೆಯಾಗಿ ಪಡೆದು ಮೇಜಿನ ಮೇಲೆ ತಂದಿಟ್ಟನು. ಮುಂದಿನ ಶನಿವಾರವೇ ಇನ್ನೊಬ್ಬನು ತನ್ನ ತಂದೆಯ ೧೯೮೩ರ ಕೆಂಪು ಪೆಟ್ಟಿಗೆಯನ್ನು ಹೊತ್ತು ತಂದನು. ನಾಲ್ಕನೆಯವನ ಬಳಿಯಲ್ಲಿ ಪುಸ್ತಕವೇ ಇರಲಿಲ್ಲ. ಕಂಪನಿಯು ಉಚಿತವಾಗಿ ಬಿಟ್ಟಿದ್ದ ಹಳೆಯ ನಿಯಮಗಳನ್ನು ಅಚ್ಚು ತೆಗೆಸಿ ದಾರ ಕಟ್ಟಿಕೊಂಡಿದ್ದನು. ಒಂದು ತಿಂಗಳು ಆಟವು ನಡೆಯಲಿಲ್ಲ, ಬರಿಯ ವಾದವೇ ನಡೆಯಿತು. ಒಂದು ಶನಿವಾರ ಇಬ್ಬರು ಬರಲೇ ಇಲ್ಲ. ಆಗ ನಮ್ಮ ಮಗಳು, ‘ಅಪ್ಪಾ, ನೀವು ೩೪ ವರ್ಷ ಮೇಷ್ಟರಾಗಿದ್ದವರು, ಈ ಮಕ್ಕಳ ಜಗಳವನ್ನು ಬಿಡಿಸಿಕೊಡಿ,’ ಎಂದಳು. ನಾವು ಹತ್ತು ದಿನಗಳ ವಾಯಿದೆಯನ್ನು ಕೇಳಿ, ಮೂರು ಪಾಠಗಳನ್ನೂ ತರಿಸಿಕೊಂಡು ಓದಲು ಕುಳಿತೆವು. ಹೊರಗೆ ಹಿಮವು ಬೀಳುತ್ತಿದ್ದುದರಿಂದ ನಮಗೂ ಬೇರೆ ಕೆಲಸವಿರಲಿಲ್ಲ.

ಕೆಂಪು ಪೆಟ್ಟಿಗೆಯ ಪಾಠವು ನಮಗೆ ಬಹಳ ಹಿಡಿಸಿತು. ಒಬ್ಬ ಒಳ್ಳೆಯ ಉಪಾಧ್ಯಾಯನು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಂತೆ ಅದರ ಶೈಲಿ. ಒಂದು ವಿಚಿತ್ರ ಮಾತ್ರ ಉಂಟು: ಅದರಲ್ಲಿ ರಕ್ಷಣೆಯು ಹೆಚ್ಚಿದಷ್ಟೂ ಅಂಕವು ಇಳಿಯುವುದು. ಕವಚವಿಲ್ಲದವನಿಗೆ ೯, ಉಕ್ಕಿನ ಕವಚವೂ ಗುರಾಣಿಯೂ ಉಳ್ಳವನಿಗೆ ೨. ಈ ವಕ್ರವನ್ನು ೨೦೦೦ದಲ್ಲಿ ನೇರಮಾಡಿದರು; ಅಂಕವು ದೊಡ್ಡದಾದಷ್ಟೂ ರಕ್ಷಣೆಯೂ ದೊಡ್ಡದೆಂದಾಯಿತು. ಇದು ನಿಸ್ಸಂದೇಹವಾಗಿ ಸುಧಾರಣೆ. ೨೦೧೪ರ ಗ್ರಂಥದಲ್ಲಿ ನಮಗೆ ಮೆಚ್ಚಿಕೆಯಾದುದು ಇನ್ನೊಂದು: ಸನ್ನಿವೇಶವು ಅನುಕೂಲವಾಗಿದ್ದರೆ ಎರಡು ದಾಳಗಳನ್ನು ಉರುಳಿಸಿ ದೊಡ್ಡದನ್ನು ಹಿಡಿ, ಪ್ರತಿಕೂಲವಾಗಿದ್ದರೆ ಸಣ್ಣದನ್ನು ಹಿಡಿ. ಕೂಡುವ ಕಳೆಯುವ ಹತ್ತಾರು ಅಂಕಗಳ ಪಟ್ಟಿಯನ್ನು ಈ ಒಂದು ನಿಯಮವು ನುಂಗಿಬಿಟ್ಟಿತು. ಸೂತ್ರಕಾರರು ಅರ್ಧಮಾತ್ರೆಯ ಲಾಘವಕ್ಕೆ ಹಿಗ್ಗುತ್ತಿದ್ದರಂತೆ. ಇದನ್ನು ಕಂಡಿದ್ದರೆ ಅವರೂ ಹಿಗ್ಗುತ್ತಿದ್ದರು. ೨೦೨೪ರ ಪಾಠದಲ್ಲಿಯೂ ಗುಣಗಳಿಗೆ ಕೊರತೆಯಿಲ್ಲ. ಯೋಧನ ಒಂದೊಂದು ಆಯುಧಕ್ಕೂ ಒಂದೊಂದು ಕೌಶಲವನ್ನು ಕೊಟ್ಟಿದ್ದಾರೆ. ಹಳೆಯದರಲ್ಲಿ ಕತ್ತಿಯನ್ನು ಬೀಸುವುದು, ಮತ್ತೆ ಬೀಸುವುದು, ಇಷ್ಟೇ ಆಗಿದ್ದ ಅವನ ಪಾಡು ಈಗ ಸುಧಾರಿಸಿದೆ. ಆ ಹುಟ್ಟುಹಬ್ಬದ ಹುಡುಗನ ಪಾತ್ರವು ಯೋಧನದೇ. ಅವನ ಆತುರವು ನ್ಯಾಯವಾದದ್ದು.

ನಮ್ಮ ಮೊಮ್ಮಗಳು ಮಾತ್ರ ಯಾವ ಪಕ್ಷವನ್ನೂ ಹಿಡಿದಿರಲಿಲ್ಲ. ‘ಯಾವುದಾದರೂ ಸರಿ, ತಾತ,’ ಎನ್ನುತ್ತಿದ್ದಳು. ಒಂದು ದಿನ ಅವಳ ಪಾತ್ರಪತ್ರವನ್ನು ನೋಡಲು ಕೇಳಿದೆವು. ಪಾತ್ರದ ಗುಣದೋಷಗಳನ್ನೂ ಕೈಲಿರುವ ಸಾಮಗ್ರಿಯನ್ನೂ ಬರೆದಿಡುವ ಹಾಳೆಗೆ ನಾವು ಕೊಟ್ಟಿರುವ ಹೆಸರು ಇದು. ಪಾತ್ರದ ಹೆಸರು ವನಜ್ಯೋತ್ಸ್ನಾ. ಎರಡು ವರ್ಷಗಳ ಹಿಂದೆ ದೂರವಾಣಿಯಲ್ಲಿ ಒಂದು ಒಳ್ಳೆಯ ಹೆಸರನ್ನು ಕೇಳಿದಾಗ, ಶಕುಂತಲೆಯು ತನ್ನ ಮಲ್ಲಿಗೆಯ ಬಳ್ಳಿಗೆ ಇಟ್ಟ ಹೆಸರನ್ನು ನಾವೇ ಕೊಟ್ಟಿದ್ದೆವು. ಉಳಿದ ನಾಲ್ವರೂ ಅದನ್ನು ‘ಜೋಸ್ನ’ ಎಂದು ಮಾಡಿಕೊಂಡಿದ್ದರೆಂಬುದು ಬೇರೆ ಮಾತು. ಆ ಹಾಳೆಯಲ್ಲಿ ಕುಲವನ್ನು ಬರೆಯುವ ಸ್ಥಳದಲ್ಲಿ ‘ಹಾಫ್-ಎಲ್ಫ್’ ಎಂದಿದ್ದುದರಲ್ಲಿ ಮೊದಲ ಶಬ್ದವನ್ನು ರಬ್ಬರಿನಿಂದ ಉಜ್ಜಿ ಅಳಿಸಿತ್ತು. ಕಾಗದವು ಅಲ್ಲಿ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು.

ಎಲ್ಫ್ ಎಂದರೆ ಆ ಕಥೆಗಳಲ್ಲಿ ಬರುವ ದೀರ್ಘಾಯುಗಳಾದ ಒಂದು ಜನ. ಅಮರಸಿಂಹನು ದೇವಯೋನಿಗಳೆಂದು ಎಣಿಸಿರುವ ಯಕ್ಷ ಗಂಧರ್ವಾದಿಗಳಿಗೆ ಹತ್ತಿರದವರೆಂದು ಭಾವಿಸಬಹುದು. ಹಾಫ್-ಎಲ್ಫ್ ಎಂದರೆ ಎಲ್ಫರಿಗೂ ಮನುಷ್ಯರಿಗೂ ಹುಟ್ಟಿದ ಸಂತಾನ. ಈ ಕುಲವು ಆಟಕ್ಕೆ ೧೯೭೫ರಲ್ಲಿ, ಗ್ರೇಹಾಕ್ ಎಂಬ ಮೊದಲನೆಯ ಪರಿಶಿಷ್ಟದಲ್ಲಿ ಬಂದು ಸೇರಿತು. ೧೯೭೮ರ ಪ್ರೌಢಪಾಠದಲ್ಲಿ ಅದು ಇತ್ತು. ೧೯೮೯ರಲ್ಲಿ, ೨೦೦೦ದಲ್ಲಿ, ೨೦೦೮ರಲ್ಲಿ, ೨೦೧೪ರಲ್ಲಿ ಇತ್ತು. ಕೆಂಪು ಪೆಟ್ಟಿಗೆಯ ಬಾಲಪಾಠದಲ್ಲಿ ಮಾತ್ರ ಅದಕ್ಕೆ ಸ್ಥಳವಿಲ್ಲ. ಅಲ್ಲಿ ಎಲ್ಫ್ ಎಂದರೆ ಎಲ್ಫ್, ಮನುಷ್ಯನೆಂದರೆ ಮನುಷ್ಯ. ೨೦೨೪ರ ಗ್ರಂಥದಲ್ಲಿ ಹತ್ತು ಕುಲಗಳನ್ನು ವರ್ಣಿಸಿದ್ದಾರೆ; ಆ ಹತ್ತರಲ್ಲಿಯೂ ಇದಿಲ್ಲ. ಹಳೆಯ ಪುಸ್ತಕಗಳ ಕುಲಗಳನ್ನು ಬಳಸಿಕೊಳ್ಳಬಹುದೆಂಬ ಅನುಮತಿಯು ಅದೇ ಗ್ರಂಥದಲ್ಲಿದೆಯೆಂಬುದು ನಿಜ. ಆದರೆ ಮಕ್ಕಳು ಅನುಮತಿಯ ವಾಕ್ಯವನ್ನು ನೋಡುವುದಿಲ್ಲ, ಚಿತ್ರಗಳಿರುವ ಪುಟಗಳನ್ನು ನೋಡುವರು. ‘ನಿನ್ನವಳು ಇದರಲ್ಲಿ ಇಲ್ಲ, ಎಲ್ಫೋ ಮನುಷ್ಯಳೋ, ಒಂದನ್ನು ಆರಿಸಿಕೋ,’ ಎಂದು ಹುಡುಗರು ಹೇಳಿದ್ದರು. ಅವರು ದುಷ್ಟರಲ್ಲ, ಆಟದ ಮಾತನ್ನು ಆಡಿದರು, ಅಷ್ಟೆ. ಇವಳೂ ವಾದಿಸದೆ ಒಂದನ್ನು ಆರಿಸಿಕೊಂಡು, ಇನ್ನೊಂದನ್ನು ಅಳಿಸಿದ್ದಳು.

ಅವಳ ತಾಯಿ ನಮ್ಮ ಮಗಳೆಂಬುದನ್ನೂ, ತಂದೆಯು ಆ ಹಿಮದ ನಾಡಿನಲ್ಲಿ ಹುಟ್ಟಿದವರೆಂಬುದನ್ನೂ ಹೇಳಿಯಾಗಿದೆ. ಅದಕ್ಕೂ ಇದಕ್ಕೂ ಸಂಬಂಧವುಂಟೇ ಎಂದು ನಾವು ಅವಳನ್ನು ಕೇಳಲಿಲ್ಲ. ಅಂಥ ಪ್ರಶ್ನೆಗಳನ್ನು ಮಕ್ಕಳಿಗೆ ಹಾಕಬಾರದೆಂಬುದು ನಮ್ಮ ಮತ. ಅದಕ್ಕೆ ಬದಲಾಗಿ ಆ ಸಾಯಂಕಾಲ ಅವಳಿಗೆ ಕಥೆಯನ್ನು ಹೇಳಿದೆವು. ಮಲ್ಲಿಗೆಗೆ ಆ ಹೆಸರನ್ನಿಟ್ಟ ಶಕುಂತಲೆಯ ತಾಯಿ ಅಪ್ಸರೆ, ತಂದೆ ರಾಜರ್ಷಿ. ಭೀಮನ ಮಗ ಘಟೋತ್ಕಚನ ತಾಯಿ ರಾಕ್ಷಸಕುಲದವಳು. ಅರ್ಜುನನ ಮಗ ಇರಾವಂತನ ತಾಯಿ ನಾಗಕನ್ಯೆ. ಭಾರತದಿಂದ ಇಂಥವರನ್ನೆಲ್ಲ ತೆಗೆದುಹಾಕುವುದಾದರೆ ಯುದ್ಧಕ್ಕೆ ಜನವೇ ಸಾಲದು, ಭರತವಂಶವಂತೂ ಹುಟ್ಟುವುದೇ ಇಲ್ಲ. ಅವಳು ಬಹಳ ಹೊತ್ತು ಯೋಚಿಸಿ, ‘ಅವರನ್ನೆಲ್ಲ ಹಾಫ್ ಎನ್ನುತ್ತಿದ್ದರೇ, ತಾತ?’ ಎಂದು ಕೇಳಿದಳು.

ಪ್ರಶ್ನೆಯು ಸೂಕ್ಷ್ಮವಾದದ್ದು. ಆ ‘ಅರೆ’ ಎಂಬ ಶಬ್ದವೇ ಮಿಶ್ರಕುಲದವರಿಗೆ ಅವಮಾನಕರವೆಂಬ ವಾದವು ಹೊಸ ಪಾಠವು ಸಿದ್ಧವಾಗುತ್ತಿದ್ದ ಕಾಲದಲ್ಲಿ ಅಲ್ಲಿ ನಡೆದಿತ್ತು. ಕುಲವನ್ನು ಸೂಚಿಸುತ್ತಿದ್ದ ಹಳೆಯ ಆಂಗ್ಲ ಪದವನ್ನೂ ಆ ಪಾಠದಲ್ಲಿ ಬದಲಾಯಿಸಿದ್ದಾರೆ. ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ನಮ್ಮ ಕನ್ನಡದಲ್ಲಿಯೂ ಅರೆಬೆಂದ ಅನ್ನ, ಅರೆಮನಸ್ಸು, ಅರೆಹುಚ್ಚ, ಹೀಗೆ ಅರೆಯು ಕೂಡಿದಲ್ಲಿ ಮರ್ಯಾದೆಯು ಕಳೆಯುವುದೇ ಹೆಚ್ಚು. ಆದರೆ ಅರ್ಧನಾರೀಶ್ವರನನ್ನು ಕುಂದುಳ್ಳ ದೇವರೆಂದು ಯಾರೂ ಬಗೆದುದಿಲ್ಲ. ಶಬ್ದವು ನೋಯಿಸಿದರೆ ಶಬ್ದವನ್ನು ತಿದ್ದತಕ್ಕದ್ದು. ಶಬ್ದದೊಡನೆ ಆ ಹುಡುಗಿಯನ್ನೂ ಪುಟದಿಂದ ಎತ್ತಿಬಿಟ್ಟರೆ ಅದು ಯಾವ ಬಗೆಯ ಉಪಚಾರ? ನಾವು ಮೊಮ್ಮಗಳಿಗೆ, ‘ಹಾಫ್ ಅಲ್ಲ ಮಗು, ಉಭಯ. ಎರಡೂ ಎಂದರ್ಥ,’ ಎಂದೆವು. ಅವಳಿಗೆ ಕನ್ನಡದ ಅಕ್ಷರಗಳು ಬರುತ್ತವೆ, ಒತ್ತಕ್ಷರವೆಂದರೆ ಮಾತ್ರ ಮುಖ ಸಿಂಡರಿಸುವಳು. ಈ ಮಾತಿನಲ್ಲಿ ಒತ್ತಿಲ್ಲದಿರುವುದೂ ಒಂದು ಅನುಕೂಲವಾಯಿತು. ತೆಳ್ಳಗಾದ ಕಾಗದವು ಹರಿಯದಂತೆ ಮೆಲ್ಲಗೆ ಬರೆದಳು.

ಇನ್ನು ತೀರ್ಪು. ಅದರಲ್ಲಿ ಮೊಮ್ಮಗಳ ಪಕ್ಷಪಾತವನ್ನು ಮಾಡಿದೆವೆಂದು ವಾಚಕರು ಶಂಕಿಸಬಹುದಾದ್ದರಿಂದ ನಮ್ಮ ಕಾರಣಗಳನ್ನು ಹೇಳುವೆವು. ನಾವು ಉಪಾಧ್ಯಾಯರಾಗಿದ್ದ ಮೊದಲ ವರ್ಷಗಳಲ್ಲಿ, ಬಡವರ ಮನೆಯ ಮಕ್ಕಳು ಅಣ್ಣನ ಪುಸ್ತಕವನ್ನು ತಮ್ಮನೂ ತಮ್ಮನದನ್ನು ತಂಗಿಯೂ ಓದಿ ಮುಂದೆ ಬರುತ್ತಿದ್ದರು. ಪಠ್ಯವು ಬದಲಾದ ವರ್ಷ ತರಗತಿಯಲ್ಲಿ ಅರ್ಧದಷ್ಟು ಹೊಸ ಪುಸ್ತಕ, ಅರ್ಧದಷ್ಟು ಹಳೆಯದು. ‘೪೨ನೆಯ ಪುಟವನ್ನು ತೆಗೆಯಿರಿ’ ಎಂದರೆ ಕೆಲವರಿಗೆ ರಘುವಂಶ, ಕೆಲವರಿಗೆ ಪಂಚತಂತ್ರ. ಹಳೆಯ ಪುಸ್ತಕದವನು ಎರಡು ದಿನ ಪಕ್ಕದವನ ಪುಸ್ತಕವನ್ನು ಇಣುಕಿ ನೋಡುವನು. ಮೂರನೆಯ ದಿನ ಹಿಂದಿನ ಬೆಂಚಿಗೆ ಹೋಗುವನು. ಹಾಗೆ ಹಿಂದಕ್ಕೆ ಹೋದವರಲ್ಲಿ ಕೆಲವರು ಅನಂತರ ಶಾಲೆಗೇ ಬರಲಿಲ್ಲ. ಆ ನೆಲಮಾಳಿಗೆಯಲ್ಲಿ ದಾರ ಕಟ್ಟಿದ ಹಾಳೆಗಳ ಹುಡುಗನನ್ನು ಕಂಡಾಗ ನಮಗೆ ಬೇರೆ ಪ್ರಮಾಣವು ಬೇಕಾಗಲಿಲ್ಲ. ಅಲ್ಲಿ ಒಂದು ಗ್ರಂಥದ ಬೆಲೆ ಸುಮಾರು ೫೦ ಡಾಲರು, ಪೂರ್ಣಸಾಮಗ್ರಿಗೆ ಮೂರು ಗ್ರಂಥಗಳು. ಅವನ ಹಾಳೆಗಳಾದರೋ, ೨೦೧೪ರ ನಿಯಮಗಳ ಸಾರ. ೨೦೨೩ರ ಜನವರಿಯಲ್ಲಿ ಕಂಪನಿಯು ತನ್ನ ಹಳೆಯ ಪರವಾನಗಿಯನ್ನು ಬಿಗಿಮಾಡಲು ಹೊರಟು, ಆಟಗಾರರ ಆಕ್ರೋಶಕ್ಕೆ ಮಣಿದು, ಆ ತಿಂಗಳೊಳಗಾಗಿಯೇ ಈ ಸಾರವನ್ನು ಮರಳಿ ಹಿಂತೆಗೆಯಲಾರದಂತೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹಾಫ್-ಎಲ್ಫ್ ಎಂಬ ಕುಲವೂ ಅದರಲ್ಲಿ ಸೇರಿದೆ. ಇದನ್ನು ಆ ಹುಡುಗನೇ ತನ್ನ ಹಾಳೆಯಲ್ಲಿ ತೆಗೆದು ನಮಗೆ ತೋರಿಸಿದನು.

ಎರಡನೆಯ ಕಾರಣವು ಸೂತ್ರಧಾರನದು. ಯಾವ ಗ್ರಂಥವನ್ನು ಅವನು ತೆರೆಯದೆಯೇ ಆಡಿಸಬಲ್ಲನೋ ಅದರಲ್ಲಿ ಕಥೆಯು ಓಡುವುದು. ಹೊಸ ಪಾಠದ ಒಂದು ಸಂಧ್ಯೆಯನ್ನು ನಾವು ಪ್ರಯೋಗಕ್ಕಾಗಿ ನಡೆಸಿ ನೋಡಿದೆವು. ಎರಡು ಪಾಠಗಳೂ ಮುಕ್ಕಾಲುಪಾಲು ಒಂದೇ ಆಗಿರುವುದೇ ಅಲ್ಲಿ ತೊಡಕು. ತನಗೆ ನೆನಪಿರುವುದು ಹಳೆಯದೋ ಹೊಸದೋ ಎಂದು ಆ ಹುಡುಗನು ಹೆಜ್ಜೆಹೆಜ್ಜೆಗೂ ಪುಟ ತಿರುವಿದನು, ರಾಕ್ಷಸನು ಕತ್ತಿಯನ್ನೆತ್ತಿಕೊಂಡು ಕಾಯುತ್ತ ನಿಂತನು. ಅವನ ಸ್ವರವೂ ಮೊದಲಿನ ಮಿತಭಾಷಿಯ ಸ್ವರಕ್ಕೆ ಇಳಿಯಿತು. ಆದಕಾರಣ ನಾವು ಹೇಳಿದುದೇನೆಂದರೆ: ಆರಂಭವಾಗಿರುವ ಈ ಕಥೆಯು ಮುಗಿಯುವವರೆಗೆ ೨೦೧೪ರದೇ ಪ್ರಮಾಣ. ಯೋಧನ ಹುಡುಗನಿಗೆ ಹೊಸ ಗ್ರಂಥದಿಂದ ಅವನ ಆಯುಧದ ಕೌಶಲವು ಸಲ್ಲುವುದು, ಏಕೆಂದರೆ ಅದರಿಂದ ಮತ್ತೊಬ್ಬರಿಗೆ ಕೇಡಿಲ್ಲ. ಬೇರೆ ಯಾವುದನ್ನು ತರಬೇಕಾದರೂ ಸೂತ್ರಧಾರನು ವಾರದ ಮುಂಚೆ ಓದಿ ಒಪ್ಪಿರಬೇಕು. ಮುಂದಿನ ಕಥೆಯನ್ನು, ಎಲ್ಲರೂ ಒಂದು ಪ್ರತಿಯಿಂದ ಓದಿಕೊಂಡ ಬಳಿಕ, ಹೊಸ ಪಾಠದಲ್ಲಿಯೇ ಆರಂಭಿಸಲಿ. ವನಜ್ಯೋತ್ಸ್ನೆಯು ಅಲ್ಲಿಗೂ ಹಾಗೆಯೇ ಬರುವಳು. ಕೆಂಪು ಪೆಟ್ಟಿಗೆಯ ಹುಡುಗನು ಮುಖವನ್ನು ಸಪ್ಪೆ ಮಾಡಿಕೊಂಡನು. ರಜೆಯ ದಿನಗಳಲ್ಲಿ ಅವನ ತಂದೆಯೇ ಸೂತ್ರಧಾರರಾಗಿ ಒಂದು ಸಣ್ಣ ಕಥೆಯನ್ನು ಅದರಲ್ಲಿ ಆಡಿಸುವುದೆಂದು ಒಪ್ಪಂದವಾಯಿತು. ಆ ತಂದೆಯ ಉತ್ಸಾಹವನ್ನು ನೋಡಿದರೆ, ವ್ಯಾಜ್ಯದ ಮೂಲವೇ ಅವರಿರಬಹುದೆಂದು ನಮಗೆ ತೋರಿತು.

ಮುಂದಿನ ಶನಿವಾರ ಐವರೂ ಬಂದರು.

ಮಾರ್ಚಿ ತಿಂಗಳಲ್ಲಿ ನಾವು ಮೈಸೂರಿಗೆ ಹಿಂತಿರುಗಿದೆವು. ಏಪ್ರಿಲಿನ ಒಂದು ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ದೂರವಾಣಿಯು ಕೂಗಿತು. ಅಲ್ಲಿ ಶನಿವಾರದ ಸಾಯಂಕಾಲ. ಆ ವರ್ಷದ ಫೆಬ್ರವರಿಯಲ್ಲಿ ಹೊರಬಂದ ಹೊಸ ಭೂತರಾಕ್ಷಸಾದಿಗಳ ಗ್ರಂಥವನ್ನು ಯಾರೋ ಮೇಜಿನ ಮೇಲೆ ತಂದಿದ್ದರು. ಹಳೆಯ ಪಾಠದಲ್ಲಿ ಗಾಬ್ಲಿನ್ ಎಂಬ ಕುಳ್ಳ ಪ್ರಾಣಿಯು ಮನುಷ್ಯವರ್ಗದಲ್ಲಿತ್ತು; ಹೊಸದರಲ್ಲಿ ಅದನ್ನು ಯಕ್ಷವರ್ಗಕ್ಕೆ ಸೇರಿಸಿದ್ದಾರೆ. ವನಜ್ಯೋತ್ಸ್ನೆಯು ಪ್ರಯೋಗಿಸಿದ ವಶೀಕರಣಮಂತ್ರವು ಮನುಷ್ಯವರ್ಗಕ್ಕೆ ಮಾತ್ರ ತಗಲತಕ್ಕದ್ದು. ಗಾಬ್ಲಿನ್ ಅವಳ ಕುತ್ತಿಗೆಗೆ ಚೂರಿಯನ್ನು ಹಿಡಿದಿತ್ತು. ಐದು ಗಂಟಲುಗಳೂ ಒಟ್ಟಿಗೆ ಕೂಗುತ್ತಿದ್ದುದರಿಂದ ನಮಗೆ ಇಷ್ಟನ್ನು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ‘ತಾತ, ಬೇಗ ಹೇಳಿ, ಮಂತ್ರ ತಗಲಿತೋ ಇಲ್ಲವೋ?’ ಎಂದು ಮೊಮ್ಮಗಳು ಕೇಳಿದಳು. ಆ ಗಾಬ್ಲಿನ್ನನ್ನು ಯಾವ ಪುಸ್ತಕದಿಂದ ತಂದಿರೆಂದು ನಾವು ಕೇಳಿದೆವು. ಆ ಕಡೆ ಎಲ್ಲರೂ ಸುಮ್ಮನಾದರು. ಹಾಳೆ ತಿರುವುವ ಸದ್ದು ಮಾತ್ರ ಕೇಳಿಸುತ್ತಿತ್ತು.